ದುಬಾರಿ ರೀಲೋಡಿಂಗ್ ಡೈ: ಕೊಟ್ಟ ಹಣ ಎಲ್ಲಿ ದುಡಿಯುತ್ತದೆ?

ರೀಲೋಡಿಂಗ್ ಎಂದರೆ ಸಿಡಿದ ಕಾಡತೂಸಿನ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬಿ ಬಳಸುವುದು; ಅದಕ್ಕಾಗಿ ಪ್ರೆಸ್ಸಿನಲ್ಲಿ ಕೂರಿಸುವ ಉಕ್ಕಿನ ಅಚ್ಚೇ ಡೈ. ಒಂದೇ ಕ್ಯಾಲಿಬರಿನ ಎರಡು ರೀಲೋಡಿಂಗ್ ಡೈ ಸೆಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೇಲ್ನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎರಡರ ಹೊರಮೈಯಲ್ಲೂ 7/8 ಇಂಚು ವ್ಯಾಸದ, ಇಂಚಿಗೆ 14 ಸುತ್ತಿನ ಅದೇ ಥ್ರೆಡ್ ಇರುತ್ತದೆ, ಎರಡೂ ಅದೇ ಪ್ರೆಸ್ಸಿಗೆ ಕೂರುತ್ತವೆ, ಎರಡರಿಂದಲೂ ಹೊರಬರುವ ಕಾಡತೂಸು ಬಂದೂಕಿನಲ್ಲಿ ಸಲೀಸಾಗಿ ಹೊಕ್ಕು ಸಿಡಿಯುತ್ತದೆ. ಆದರೆ ಒಂದರ ಬೆಲೆ ಇನ್ನೊಂದರ ನಾಲ್ಕೈದು ಪಟ್ಟು. ಈ ಹೆಚ್ಚುವರಿ ಹಣಕ್ಕೆ ಗುರಿಹಲಗೆಯ ಮೇಲೆ ಏನಾದರೂ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವವರು ಡೈಯನ್ನು ಬಿಡಿಸಿ ನೋಡಿಲ್ಲವೆಂದೇ ಹೇಳಬೇಕು. ಏಕೆಂದರೆ ಸೆಟ್ ಎನ್ನುವುದು ಎರಡು ಬೇರೆ ಬೇರೆ ಕೆಲಸಗಳ ಉಪಕರಣ: ಒಂದು ಡೈ ಸಿಡಿದ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತರುತ್ತದೆ, ಇನ್ನೊಂದು ಅದರ ಬಾಯಿಗೆ ಗುಂಡನ್ನು ಕೂರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಹಣ ನಿಜವಾಗಿ ದುಡಿಯುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಅದು ಬಹುಪಾಲು ಅನುಕೂಲವನ್ನಷ್ಟೇ ಕೊಳ್ಳುತ್ತದೆ.

ಕೇಸಿಗೆ ಏನಾಗುತ್ತದೆ ಎಂಬುದರಿಂದ ಆರಂಭಿಸೋಣ. ಮದ್ದು ಉರಿದಾಗ ಹುಟ್ಟುವ ಒತ್ತಡಕ್ಕೆ ಹಿತ್ತಾಳೆ ಎಲ್ಲ ಕಡೆಗೂ ಹಿಗ್ಗಿ, ಬಂದೂಕಿನಲ್ಲಿ ಕಾಡತೂಸು ಕೂರುವ ಕುಳಿಯಾದ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದಾಗ ಒಂದಿಷ್ಟು ಮಾತ್ರ ಹಿಂದೆ ಸರಿಯುತ್ತದೆ. ಹೀಗೆ ಸಿಡಿದ ಕೇಸ್ ಆ ಚೇಂಬರಿನದೇ ಎರಕದಂತೆ ಹೊರಬೀಳುತ್ತದೆ. ಅದರ ಕತ್ತು ಈಗ ಗುಂಡನ್ನು ಹಿಡಿಯಲಾರದಷ್ಟು ಅಗಲವಾಗಿದೆ, ಕತ್ತು ಮೈಗೆ ಸೇರುವ ಇಳಿಜಾರಾದ ಹೆಗಲು ಮುಂದಕ್ಕೆ ಹೋಗಿದೆ, ಬುಡದ ಬಳಿ ಮೈ ತುಸು ದಪ್ಪಗಾಗಿದೆ. ಸೈಜಿಂಗ್ ಡೈ ಈ ಮೂರನ್ನೂ ಹಿಂದಕ್ಕೆ ತರಬೇಕು. ಎಷ್ಟು ಹಿಂದಕ್ಕೆ ಎಂಬುದೇ ಇಲ್ಲಿನ ವಿಷಯ, ಮತ್ತು ಆ ಲೆಕ್ಕವೆಲ್ಲ ಇಂಚಿನ ಸಾವಿರದ ಒಂದು ಭಾಗದಲ್ಲಿ, ಲೇತ್ ಕೆಲಸದವರು ‘ಥೌ’ ಎನ್ನುವ ಅಳತೆಯಲ್ಲಿ ನಡೆಯುತ್ತದೆ. ಒಂದು ಥೌ ಎಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಡೈ ತಯಾರಕರಿಗೆ ಒಂದು ಸಂಕಟವಿದೆ. ತಮ್ಮ ಡೈ ಯಾರ ಬಂದೂಕಿನ, ಯಾವ ಕಂಪನಿಯ ಕೇಸಿಗೆ ಬಳಕೆಯಾಗುತ್ತದೆಂದು ಅವರಿಗೆ ತಿಳಿಯದು. ಕೆಲವು ಕೇಸಿನ ಕತ್ತಿನ ಗೋಡೆ 12 ಥೌ ಇದ್ದರೆ ಕೆಲವದರದ್ದು 15 ಥೌ. ಆದ್ದರಿಂದ ಸಾಮಾನ್ಯ ಡೈಯಲ್ಲಿ ಕತ್ತನ್ನು ಮೊದಲು ಅತಿ ತೆಳುವಾದ ಹಿತ್ತಾಳೆಗೂ ಸಾಲುವಷ್ಟು ಬಿಗಿಯಾಗಿ ಹಿಂಡಿ, ಆಮೇಲೆ ಒಳಗಿನಿಂದ ಒಂದು ಉಕ್ಕಿನ ಉಂಡೆಯನ್ನು ಎಳೆದು ಬೇಕಾದ ಅಳತೆಗೆ ಅಗಲಿಸುತ್ತಾರೆ. ಎಕ್ಸ್‌ಪಾಂಡರ್ ಬಾಲ್ ಎನ್ನುವುದು ಇದನ್ನೇ. ಯಾವ ಕೇಸ್ ಹಾಕಿದರೂ ಕೊನೆಗೆ ಒಳವ್ಯಾಸ ಒಂದೇ ಆಗುತ್ತದೆ; ಜಾಣ ಪರಿಹಾರವೇ ಸರಿ, ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ.

.308 ವಿಂಚೆಸ್ಟರ್ ಕಾಡತೂಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕತ್ತಿನ ಗೋಡೆ 15 ಥೌ ಇರುವ ಕೇಸಿನಲ್ಲಿ 0.308 ಇಂಚಿನ ಗುಂಡು ಕೂತಾಗ ಕತ್ತಿನ ಹೊರವ್ಯಾಸ 0.338 ಇಂಚು. ಸಿಡಿದ ಮೇಲೆ ಅದು, ಮಾತಿಗೆ, 0.343ಕ್ಕೆ ಹಿಗ್ಗಿದೆ ಎಂದುಕೊಳ್ಳಿ. ಗುಂಡಿಗೆ 2 ಥೌ ಬಿಗಿ ಬೇಕಾದರೆ ಕತ್ತನ್ನು 0.336ಕ್ಕೆ ತಂದರೆ ಸಾಕು. ಸಾಮಾನ್ಯ ಡೈ ಅದನ್ನು 0.331ರವರೆಗೆ ಹಿಂಡಿ, ಬಳಿಕ ಉಂಡೆಯಿಂದ ಮತ್ತೆ 0.336ಕ್ಕೆ ಅಗಲಿಸುತ್ತದೆ. ಹಿತ್ತಾಳೆ ಒಟ್ಟು 17 ಥೌ ಓಡಾಡಿತು, ಬೇಕಾಗಿದ್ದದ್ದು 7 ಮಾತ್ರ. ಹಿತ್ತಾಳೆಯನ್ನು ಬಗ್ಗಿಸಿದಷ್ಟೂ ಅದು ಗಡುಸಾಗುತ್ತದೆ. ಗಡುಸಾದಷ್ಟೂ ಹಿಂಡಿದ ಮೇಲೆ ಹಿಂದಕ್ಕೆ ಚಿಮ್ಮುವ ಪ್ರಮಾಣ ಕೇಸಿನಿಂದ ಕೇಸಿಗೆ ಬೇರೆಯಾಗುತ್ತದೆ. ಅಲ್ಲಿಂದ ಕತ್ತಿನ ಬಿಗಿಯೂ ಬೇರೆ ಬೇರೆ, ಕೊನೆಗೆ ಕತ್ತು ಬಿರುಕು ಬಿಡುವುದೂ ಬೇಗ.

ಇದಕ್ಕಿಂತ ದೊಡ್ಡ ತೊಂದರೆ ಆ ಉಂಡೆ ಹೊರಬರುವ ರೀತಿಯಲ್ಲಿದೆ. ಪ್ರೆಸ್ಸಿನ ಹಿಡಿಯನ್ನು ಮೇಲೆತ್ತುವಾಗ ಅರ್ಧ ದಾರಿಯಲ್ಲಿ ಕೈಗೆ ಒಂದು ತಡೆ ಸಿಗುತ್ತದೆ. ಕತ್ತಿನ ಒಳಗೆ ಎಣ್ಣೆಯ ಪಸೆ ಇಲ್ಲದಿದ್ದರೆ ಕೀರಲು ಸದ್ದೂ ಬರುತ್ತದೆ. ಆ ಹೊತ್ತಿಗೆ ಕೇಸಿನ ಮೈ ಡೈಯ ಆಸರೆಯಿಂದ ಹೊರಬಂದಾಗಿದೆ, ಕತ್ತು ಉಂಡೆಗೆ ಸಿಕ್ಕಿಕೊಂಡಿದೆ. ಎಳೆತ ಕೂದಲೆಳೆಯಷ್ಟು ಓರೆಯಾದರೂ ಮೆತ್ತಗಿನ ಕತ್ತು ಓರೆಯಾಗುತ್ತದೆ. ಇದನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಡಯಲ್ ಸೂಚಿಯಿರುವ ಗೇಜಿನ ಮೇಲೆ ಸಿಡಿದ ಕೇಸನ್ನು ಮಲಗಿಸಿ, ಕತ್ತಿಗೆ ಸೂಚಿ ತಾಗಿಸಿ, ಬೆರಳಿನಿಂದ ನಿಧಾನವಾಗಿ ಉರುಳಿಸಿದರೆ ಮುಳ್ಳು ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಚೇಂಬರಿನಿಂದ ಬಂದ ಕೇಸ್ ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ. ಡೈಯೊಳಗಿನ ಉಂಡೆಯನ್ನು ತೆಗೆದಿಟ್ಟು ಅದೇ ಕೇಸನ್ನು ಸೈಜ್ ಮಾಡಿ ಮತ್ತೆ ಉರುಳಿಸಿದಾಗಲೂ ಮುಳ್ಳು ಒಂದು ಗೆರೆ ಆಚೀಚೆ ಆಡಿದರೆ ಹೆಚ್ಚು. ಈಗ ಉಂಡೆಯನ್ನು ಹಾಕಿ ಎಳೆದು ನೋಡಿದರೆ ಮುಳ್ಳು ನಾಲ್ಕೈದು ಗೆರೆ ಹಾರುವುದುಂಟು. ರನ್‌ಔಟ್ ಎಂದು ಗುರಿಗಾರರು ಹೇಳುವುದು ಈ ಓಲಾಟವನ್ನು. ದೋಷ ಡೈಯ ಉಕ್ಕಿನಲ್ಲಿರಲಿಲ್ಲ, ಅದರ ಒಳಗಿನ ಕಡ್ಡಿ ಮತ್ತು ಉಂಡೆಯಲ್ಲಿತ್ತು ಎಂಬುದು ಈ ಪುಟ್ಟ ಪರೀಕ್ಷೆಯಿಂದ ಗೊತ್ತಾಗುತ್ತದೆ. ನಾನು ಮೊದಲ ಬಾರಿಗೆ ಇದನ್ನು ಮಾಡಿ ನೋಡಿದ ದಿನ, ಅಷ್ಟು ತಿಂಗಳು ಡೈಯನ್ನು ಶಪಿಸಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ದುಬಾರಿ ಸೈಜಿಂಗ್ ಡೈಗಳ ಮುಖ್ಯ ಸಾಧನೆ ಈ ಒಂದು ಹಂತವನ್ನು ಸರಿಪಡಿಸುವುದೇ ಆಗಿದೆ. ರೆಡ್ಡಿಂಗ್ ಕಂಪನಿಯ ಟೈಪ್-ಎಸ್ ಮಾದರಿಯಂಥ ಬುಶಿಂಗ್ ಡೈಗಳಲ್ಲಿ ಕತ್ತನ್ನು ಹಿಂಡುವ ಭಾಗವೇ ಒಂದು ಬಿಡಿ ಉಂಗುರ; ಒಂದೊಂದು ಥೌ ಅಂತರದಲ್ಲಿ ಸಿಗುವ ಈ ಉಂಗುರಗಳಲ್ಲಿ ನಮ್ಮ ಹಿತ್ತಾಳೆಗೆ ಒಪ್ಪುವುದನ್ನು ಆರಿಸಿಕೊಂಡರೆ ಕತ್ತು ನೇರವಾಗಿ ಬೇಕಾದ ಅಳತೆಗೇ ಬರುತ್ತದೆ, ಉಂಡೆಯ ಅಗತ್ಯವೇ ಇರುವುದಿಲ್ಲ. ಬುಶಿಂಗ್ ಬಿಗಿದು ಕೂತಿರಬಾರದು, ತುಸು ಸಡಿಲವಾಗಿ ತೇಲುತ್ತಿರಬೇಕು; ಜೋಡಿಸಿದ ಡೈಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನಬೇಕು. ಆ ಸದ್ದು ಕೇಳಿ ಹೊಸದಾಗಿ ಕೊಂಡವರು ಡೈ ಸಡಿಲವಾಗಿದೆಯೆಂದು ಮೇಲಿನ ತಿರುಪನ್ನು ಬಿಗಿದುಬಿಡುತ್ತಾರೆ, ಕೊಟ್ಟ ಹಣದ ಅರ್ಧ ಅಲ್ಲೇ ಮಣ್ಣುಪಾಲು.

ಬುಶಿಂಗ್ ಡೈಗೂ ಅದರದೇ ಮಿತಿಗಳಿವೆ, ಜಾಹೀರಾತುಗಳು ಅವನ್ನು ಎತ್ತಿ ಹೇಳುವುದಿಲ್ಲ. ಉಂಗುರದ ಬಾಯಿಗೆ ಸಣ್ಣ ಇಳಿಜಾರು ಇರುವುದರಿಂದ ಕತ್ತು ಹೆಗಲಿಗೆ ಸೇರುವ ಕೊನೆಯ ಎಳೆ ಹಿಂಡದೆ ಉಳಿಯುತ್ತದೆ. ಒಂದೇ ಏಟಿಗೆ ಐದು ಥೌಗಿಂತ ಹೆಚ್ಚು ಹಿಂಡಿದರೆ ಅದೇ ಉಂಗುರ ಕತ್ತನ್ನು ಓರೆ ಮಾಡಬಲ್ಲದು. ಮೇಲಿನ ಉದಾಹರಣೆಯ 7 ಥೌ ಕೆಲಸವನ್ನು 0.340 ಮತ್ತು 0.336ರ ಎರಡು ಉಂಗುರಗಳಿಂದ ಎರಡು ಹಂತದಲ್ಲಿ ಮಾಡುವುದು ಲೇಸು. ಇನ್ನು ಬುಶಿಂಗ್ ಹೊರಮೈಯನ್ನು ಮಾತ್ರ ಗುಂಡಗಾಗಿಸುತ್ತದೆ, ಗೋಡೆ ಒಂದು ಬದಿ ದಪ್ಪ ಇನ್ನೊಂದು ಬದಿ ತೆಳು ಇದ್ದರೆ ಆ ಏರುಪೇರು ಒಳಕ್ಕೆ, ಅಂದರೆ ಗುಂಡು ತಾಗುವ ಕಡೆಗೇ ಸರಿಯುತ್ತದೆ. ಹೀಗಾಗಿ ಅನೇಕರು ಬುಶಿಂಗಿನಿಂದ ಒಂದೆರಡು ಥೌ ಹೆಚ್ಚು ಹಿಂಡಿ, ಆಮೇಲೆ ಬೇರೊಂದು ಡೈಯಲ್ಲಿ ನಯವಾದ ಮ್ಯಾಂಡ್ರೆಲ್ ಕಡ್ಡಿಯನ್ನು ಮೇಲಿನಿಂದ ಕತ್ತಿಗೆ ಇಳಿಸಿ ಒಳವ್ಯಾಸವನ್ನು ಕಟ್ಟುನಿಟ್ಟು ಮಾಡುತ್ತಾರೆ. ಮ್ಯಾಂಡ್ರೆಲ್ ಮಾಡುವುದೂ ಅಗಲಿಸುವ ಕೆಲಸವೇ, ಆದರೆ ಅದು ನೀಳವಾಗಿದ್ದು ಒಳಗೆ ನೂಕುತ್ತದೆ, ಉಂಡೆಯಂತೆ ಹೊರಗೆ ಎಳೆಯುವುದಿಲ್ಲ. ವ್ಯತ್ಯಾಸ ಬರುವುದು ಅಲ್ಲೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಇದೇ ಫಲವನ್ನು ಕಡಿಮೆ ಹಣದಲ್ಲಿ ಪಡೆಯುವ ದಾರಿಗಳಿವೆ. ಲೀ ಕಂಪನಿಯ ಕಾಲೆಟ್ ಡೈ ಅಗ್ಗದ ಸಾಲಿನಲ್ಲಿ ಸಿಗುವಂಥದ್ದು. ಅದು ಕತ್ತಿನೊಳಗೆ ಒಂದು ಕಡ್ಡಿ ಇಟ್ಟು ಹೊರಗಿನಿಂದ ಸೀಳು ತೋಳುಗಳಲ್ಲಿ ಅಮುಕುತ್ತದೆ, ಎಣ್ಣೆ ಬೇಡ, ಎಳೆತವಿಲ್ಲ, ಕತ್ತು ಅಚ್ಚರಿಯಾಗುವಷ್ಟು ನೆಟ್ಟಗೆ ಬರುತ್ತದೆ. ಆದರೆ ಅದು ಹೆಗಲನ್ನೂ ಮೈಯನ್ನೂ ಮುಟ್ಟುವುದಿಲ್ಲವಾದ್ದರಿಂದ ಕೆಲವು ಸುತ್ತಿನ ಬಳಿಕ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಬಿಗಿಯತೊಡಗುತ್ತದೆ, ಆಗ ಜೊತೆಗೆ ಮೈಯನ್ನೂ ಹೆಗಲನ್ನೂ ಹಿಂಡುವ ಒಂದು ಬಾಡಿ ಡೈ ಬೇಕಾಗುತ್ತದೆ. ಎರಡನೆಯ ದಾರಿ ಫಾರ್‌ಸ್ಟರ್‌ನಂಥ ತಯಾರಕರು ಒದಗಿಸುವ ಸೇವೆ: ಇಡೀ ಕೇಸನ್ನು ಹಿಂಡುವ ಸಾಮಾನ್ಯ ಫುಲ್-ಲೆಂಗ್ತ್ ಡೈಯ ಕತ್ತಿನ ಭಾಗವನ್ನು ನಾವು ಹೇಳಿದ ಅಳತೆಗೆ ಉಜ್ಜಿ ಕೊಡುತ್ತಾರೆ. ಒಂದೇ ಬ್ರಾಂಡಿನ ಹಿತ್ತಾಳೆಯನ್ನು ವರ್ಷಗಟ್ಟಲೆ ಬಳಸುವವನಿಗೆ ಉಜ್ಜಿಸಿದ ಡೈಗಿಂತ ಉತ್ತಮವಾದದ್ದು ಇಲ್ಲವೆಂದೇ ನನ್ನ ಎಣಿಕೆ. ಅದರಲ್ಲಿ ತೇಲುವ ಬಿಡಿಭಾಗವೇ ಇಲ್ಲ, ಕತ್ತು ಹೆಗಲಿನವರೆಗೂ ಸಮವಾಗಿ ಹಿಂಡುತ್ತದೆ. ಮೂರನೆಯದು ಮೇಲೆ ಹೇಳಿದಂತೆ ಉಂಡೆಯನ್ನು ಕಿತ್ತು ಪಕ್ಕಕ್ಕಿಟ್ಟು ಮ್ಯಾಂಡ್ರೆಲ್ ಒಂದನ್ನಷ್ಟೇ ಕೊಳ್ಳುವುದು.

ಹೆಗಲಿನ ವಿಷಯದಲ್ಲಿ ಡೈಯ ಬೆಲೆಗಿಂತ ಅದನ್ನು ಹೊಂದಿಸುವವನ ಅಳತೆ ಮುಖ್ಯ. .308 ಚೇಂಬರಿನಲ್ಲಿ ಬೋಲ್ಟಿನ ಮುಖದಿಂದ ಹೆಗಲಿನವರೆಗಿನ ಅಂತರ, ಅಂದರೆ ಹೆಡ್‌ಸ್ಪೇಸ್ ಮಾನದಂಡದ ಪ್ರಕಾರ 1.630 ಇಂಚಿನಿಂದ 1.640 ಇಂಚಿನವರೆಗೆ ಇರಬಹುದು. ಡೈಯನ್ನು, ಕೇಸಿನ ಬುಡವನ್ನು ಹಿಡಿಯುವ ಶೆಲ್ ಹೋಲ್ಡರಿಗೆ ತಾಗುವವರೆಗೆ ತಿರುಗಿಸಿ ಇನ್ನೊಂದು ಕಾಲು ಸುತ್ತು ಕೊಡಿ ಎಂಬ ಹಳೆಯ ಸೂಚನೆಯನ್ನು ಕಣ್ಣು ಮುಚ್ಚಿ ಪಾಲಿಸಿದರೆ, ಉದ್ದನೆಯ ಚೇಂಬರಿನಲ್ಲಿ ಹೆಗಲು ಪ್ರತಿಸಲವೂ ಐದಾರು ಥೌ ಹೆಚ್ಚು ಹಿಂದಕ್ಕೆ ಹೋಗುತ್ತದೆ, ಸಿಡಿದಾಗ ಕೇಸ್ ಅಷ್ಟೇ ಮುಂದಕ್ಕೆ ಚಾಚುತ್ತದೆ, ಬುಡದ ಮೇಲಿನ ಗೋಡೆ ತೆಳುವಾಗುತ್ತ ಬಂದು ಒಂದು ದಿನ ಅಲ್ಲಿ ಹೊಳೆಯುವ ಬಳೆಯಂಥ ಗೆರೆ ಮೂಡುತ್ತದೆ. ಅದು ಕೇಸ್ ತುಂಡಾಗುವ ಮುನ್ಸೂಚನೆ. ಬೋಲ್ಟ್ ರೈಫಲಿಗೆ ಹೆಗಲು ಒಂದೆರಡು ಥೌ ಹಿಂದೆ ಸರಿದರೆ ಸಾಕು, ಸೆಮಿ-ಆಟೊಮ್ಯಾಟಿಕ್‌ಗೆ ಮೂರು ನಾಲ್ಕು. ಇದನ್ನು ತಿಳಿಯಲು ಬೇಕಾದದ್ದು ಕ್ಯಾಲಿಪರಿಗೆ ಸಿಕ್ಕಿಸುವ ಒಂದು ಕಂಪ್ಯಾರೇಟರ್. ಅದರ ಬೆಲೆ ಒಂದು ಸಾಮಾನ್ಯ ಡೈಯ ಬೆಲೆಯ ಆಸುಪಾಸಿನದು, ಆದರೂ ದುಬಾರಿ ಡೈ ಕೊಂಡವರಲ್ಲಿ ಅನೇಕರ ಬಳಿ ಅದು ಇರುವುದಿಲ್ಲ. ಅಳೆಯದೆ ಕೂರಿಸಿದ ದುಬಾರಿ ಡೈ ಅಳೆದು ಕೂರಿಸಿದ ಅಗ್ಗದ ಡೈಗಿಂತ ಕೆಟ್ಟ ಹಿತ್ತಾಳೆಯನ್ನೇ ಕೊಡುತ್ತದೆ.

ಬುಡದ ಕಥೆ ಬೇರೆ. ಕೇಸಿನ ಬುಡದ ಬಳಿ ಹಿತ್ತಾಳೆ ದಪ್ಪ. ಅಲ್ಲಿ ಡೈ ಮತ್ತು ಚೇಂಬರ್ ಪರಸ್ಪರ ಹೊಂದಲೇಬೇಕು. ಬಿಗಿಯಾದ ಮ್ಯಾಚ್ ಚೇಂಬರಿಗೆ ಸಡಿಲ ಡೈ ಸಿಕ್ಕರೆ ಮೂರು ನಾಲ್ಕು ಸುತ್ತಿನ ಬಳಿಕ ಬೋಲ್ಟ್ ಎತ್ತುವಾಗ ತುದಿಯಲ್ಲಿ ‘ಟಕ್’ ಎಂದು ಹಿಡಿಯುತ್ತದೆ, ಡೈಯನ್ನು ಎಷ್ಟು ತಿರುಗಿಸಿದರೂ ಅದು ಹೋಗುವುದಿಲ್ಲ. ತಮ್ಮ ಚೇಂಬರಿನಲ್ಲಿ ಸಿಡಿದ ಕೇಸುಗಳನ್ನು ಕಳಿಸಿ, ಅವುಗಳ ಅಳತೆಗೆ ತಕ್ಕಂತೆ ಡೈ ಕೊರೆಸಿಕೊಳ್ಳುವ ಪದ್ಧತಿ ಇದಕ್ಕಾಗಿಯೇ ಇದೆ. ಬಂದೂಕನ್ನು ಮೇಜಿನ ಮೇಲೆ ಆಸರೆಗಿಟ್ಟು ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಯವರಿಗೆ ಇದು ಐಷಾರಾಮವಲ್ಲ. 1975ರಲ್ಲಿ ಲೂಯಿ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ರೂಪಿಸಿದ 6 ಎಂಎಂ ಪಿಪಿಸಿಯಂಥ ಕಾಡತೂಸಿನಲ್ಲಿ ಕತ್ತನ್ನು ಲೇತಿನಂತೆ ಹೆರೆದು ಚೇಂಬರಿಗೆ ಒಂದೆರಡು ಥೌ ಅಂತರದಲ್ಲಿ ಹೊಂದಿಸುತ್ತಾರೆ. ಅಂಥಲ್ಲಿ ಅಂಗಡಿಯ ಕಪಾಟಿನ ಡೈ ಕೆಲಸಕ್ಕೆ ಬಾರದು. ಆದರೆ ಕಾರ್ಖಾನೆಯ ಚೇಂಬರಿರುವ ಬಂದೂಕಿಗೆ ಅದೇ ಬಗೆಯ ಡೈ ಮಾಡಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ: ಅಲ್ಲಿ ಹೊಂದಿಸಲು ಬಿಗಿಯಾದದ್ದೇನೂ ಇಲ್ಲ.

ಈಗ ಗುಂಡು ಕೂರಿಸುವ ಡೈ. ಇದರಲ್ಲಿ ಎರಡು ಬಗೆಯ ಹೆಚ್ಚುಗಾರಿಕೆಗೆ ಹಣ ಕೊಡುತ್ತೇವೆ. ಮೊದಲನೆಯದು ಜಾರುವ ತೋಳು: ಫಾರ್‌ಸ್ಟರ್ ಮತ್ತು ರೆಡ್ಡಿಂಗ್‌ನ ಸ್ಪರ್ಧಾ ಮಾದರಿಗಳಲ್ಲಿ ಕೇಸೂ ಗುಂಡೂ ಒಂದೇ ಕೊಳವೆಯೊಳಗೆ ಸಾಲಾಗಿ ನಿಂತ ಮೇಲಷ್ಟೇ ಒತ್ತಡ ಶುರುವಾಗುತ್ತದೆ. ಇದು ನಿಜವಾದ ಗುಣ, ಗುಂಡು ಓರೆಯಾಗಿ ಹೊಕ್ಕುವುದನ್ನು ಇದು ತಡೆಯುತ್ತದೆ. ಆದರೆ ಈಗಾಗಲೇ ಓರೆಯಾದ ಕತ್ತನ್ನು ನೆಟ್ಟಗಾಗಿಸಲು ಇದಕ್ಕೆ ಸಾಧ್ಯವಿಲ್ಲ. ಓರೆ ಕತ್ತಿನಲ್ಲಿ ಕೂತ ಗುಂಡು ಓರೆಯಾಗಿಯೇ ಕೂರುತ್ತದೆ. ಸೈಜಿಂಗ್ ಡೈಗೆ ಮೊದಲು ಹಣ ಹಾಕಿ ಎನ್ನುವುದರ ಕಾರಣ ಇದೇ. ಎರಡನೆಯದು ಮೇಲಿನ ಮೈಕ್ರೋಮೀಟರ್ ತಲೆ. ಗುಂಡನ್ನು ಬ್ಯಾರಲಿನೊಳಗಿನ ಸುರುಳಿ ಗೆರೆಗಳಾದ ರೈಫ್ಲಿಂಗಿನಿಂದ 20 ಥೌ ದೂರದಲ್ಲಿಟ್ಟು, ಆಮೇಲೆ 23, 26 ಎಂದು ಮೂರು ಮೂರು ಥೌ ಬದಲಿಸುತ್ತ ಪರೀಕ್ಷಿಸುವವನಿಗೆ, ಅಥವಾ ಒಂದೇ ಡೈಯಲ್ಲಿ ಎರಡು ಬಗೆಯ ಗುಂಡು ಕೂರಿಸುವವನಿಗೆ, ಇದು ದೊಡ್ಡ ನೆಮ್ಮದಿ. ಒಂದೇ ಗುಂಡು, ಒಂದೇ ಅಳತೆ ಎಂದು ನಿಶ್ಚಯಿಸಿಕೊಂಡವನಿಗೆ ಅದು ವರ್ಷಕ್ಕೊಮ್ಮೆ ತಿರುಗುವ ಆಭರಣ. ಮೈಕ್ರೋಮೀಟರ್ ಇದ್ದಮಾತ್ರಕ್ಕೆ ಎಲ್ಲ ಕಾಡತೂಸೂ ಒಂದೇ ಉದ್ದ ಬರುತ್ತದೆಂಬ ನಂಬಿಕೆಯೂ ತಪ್ಪು. ಕೂರಿಸುವ ಕಡ್ಡಿ ಗುಂಡಿನ ಮೂತಿಯ ಬಳಿ ಒತ್ತುತ್ತದೆ, ರೈಫ್ಲಿಂಗ್ ತಾಗುವುದು ಅದಕ್ಕಿಂತ ಕೆಳಗೆ, ದಪ್ಪದ ಕಡೆ. ಈ ಎರಡು ಬಿಂದುಗಳ ನಡುವಿನ ಅಂತರ ಒಂದೇ ಡಬ್ಬಿಯ ಗುಂಡುಗಳಲ್ಲೂ ತುಸು ಬೇರೆಯಾಗಿರುತ್ತದೆ. ಆ ಏರುಪೇರು ಡೈಯನ್ನು ದಾಟಿ ಹಾಗೇ ಕಾಡತೂಸಿಗೆ ಬರುತ್ತದೆ. ಉದ್ದ ಚೂಪು ಮೂತಿಯ ಗುಂಡಿನ ತುದಿ ಕಡ್ಡಿಯ ಕುಳಿಯ ತಳಕ್ಕೆ ತಾಗುತ್ತಿದ್ದರಂತೂ ಅಳತೆ ಪೂರಾ ಹಾಳು. ಅದಕ್ಕೆ ಪರಿಹಾರ ಹೊಸ ಡೈಯಲ್ಲ, ಸರಿಯಾದ ಆಕಾರದ ಕಡ್ಡಿ.

ಇದೆಲ್ಲ ಗುರಿಹಲಗೆಯಲ್ಲಿ ಎಷ್ಟರಮಟ್ಟಿಗೆ ಕಾಣುತ್ತದೆ? ಇಲ್ಲಿ ದೂರವೇ ತೀರ್ಪುಗಾರ. ಕತ್ತಿನ ಬಿಗಿ ಏರುಪೇರಾದರೆ ಅದರ ಮುಖ್ಯ ಪರಿಣಾಮ ಗುಂಡಿನ ವೇಗದ ಮೇಲೆ. ಸೆಕೆಂಡಿಗೆ 2600 ಅಡಿ ವೇಗದಲ್ಲಿ ಹೊರಡುವ 175 ಗ್ರೇನ್ ತೂಕದ .308 ಗುಂಡಿನ ವೇಗ 10 ಅಡಿ ಹೆಚ್ಚುಕಡಿಮೆಯಾದರೆ 100 ಗಜದಲ್ಲಿ ಬೀಳುವ ಜಾಗ ಇಂಚಿನ ಐವತ್ತನೇ ಒಂದು ಭಾಗದಷ್ಟು ಬದಲಾಗುತ್ತದೆ, ಅಂದರೆ ಏನೂ ಇಲ್ಲ. ಅದೇ 10 ಅಡಿ 1000 ಗಜದಲ್ಲಿ ಮೂರು ನಾಲ್ಕು ಇಂಚು ಮೇಲೆ ಕೆಳಗೆ ಮಾಡುತ್ತದೆ. ಮಲಗಿ, ಬಂದೂಕಿಗೆ ಆಸರೆ ಕೊಟ್ಟು ದೂರಕ್ಕೆ ಹೊಡೆಯುವ ಎಫ್-ಕ್ಲಾಸ್ ಸ್ಪರ್ಧೆಯ 1000 ಗಜದ ಗುರಿಹಲಗೆಯಲ್ಲಿ ಹತ್ತರ ವೃತ್ತ 10 ಇಂಚು, ಅದರೊಳಗಿನ ಎಕ್ಸ್ ವೃತ್ತ 5 ಇಂಚು ಅಗಲ. ಐದಿಂಚಿನ ವೃತ್ತದಲ್ಲಿ ಮೂರು ನಾಲ್ಕು ಇಂಚನ್ನು ವೇಗವೇ ನುಂಗಿದರೆ ಗುರಿಗಾರನಿಗೆ ಉಳಿಯುವುದೇನು? ಹಾಗಾಗಿ .308 ಮತ್ತು .223ಕ್ಕೆ ಮಾತ್ರ ಅವಕಾಶವಿರುವ, ಎಫ್-ಕ್ಲಾಸಿನದೇ ಎಫ್-ಟಿಆರ್ ವಿಭಾಗದವರು ಕತ್ತಿನ ಬಿಗಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಸಹಜವೇ.

ಆದರೆ ಅದೇ 1000 ಗಜದಲ್ಲಿ ಅಡ್ಡವಾಗಿ ಬೀಸುವ ಗಂಟೆಗೆ ಒಂದು ಮೈಲಿ ವೇಗದ ಗಾಳಿ, ಅಂದರೆ ಕೆನ್ನೆಗೆ ತಾಗಿತೋ ಇಲ್ಲವೋ ಎನ್ನುವಂಥ ಗಾಳಿ, ಇದೇ ಗುಂಡನ್ನು ಒಂಬತ್ತು ಹತ್ತು ಇಂಚು ಪಕ್ಕಕ್ಕೆ ತಳ್ಳುತ್ತದೆ. ಮದ್ದನ್ನು ತೂಗುವುದರಲ್ಲಿನ ಅಸಡ್ಡೆ, ಸಾಧಾರಣ ಗುಂಡು, ಸವೆದ ಬ್ಯಾರಲ್ ಇವೆಲ್ಲವೂ ಡೈಗಿಂತ ದೊಡ್ಡ ಕಳ್ಳರು. ರನ್‌ಔಟ್ 3 ಥೌ ಒಳಗಿದ್ದರೆ ಬಹುಪಾಲು ಗುರಿಗಾರರು ಅಷ್ಟಕ್ಕೆ ಬಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಅದನ್ನು 1 ಥೌಗೆ ಇಳಿಸಲು ಹೆಣಗುವ ಸಮಯವನ್ನು ಗಾಳಿ ಓದುವ ಅಭ್ಯಾಸಕ್ಕೆ ಕೊಟ್ಟರೆ ಅಂಕ ಹೆಚ್ಚು ಏರುತ್ತದೆ.

ಪಿಸ್ತೂಲಿನವರಿಗೆ ಈ ಚರ್ಚೆಯ ಬಹುಭಾಗ ಅನ್ವಯಿಸುವುದೇ ಇಲ್ಲ. 50 ಗಜದ ನಿಧಾನ ಗುರಿಯ ಹಲಗೆಯಲ್ಲಿ ಹತ್ತರ ವೃತ್ತ 3.36 ಇಂಚು ಅಗಲ. ಅಲ್ಲಿ ಕೈ ನಡುಗುವುದು ಥೌಗಳ ಲೆಕ್ಕವನ್ನೆಲ್ಲ ಮುಚ್ಚಿಹಾಕುತ್ತದೆ. ನೇರ ಗೋಡೆಯ ಪಿಸ್ತೂಲು ಕೇಸಿಗೆ ಹಣ ಕೊಡಬೇಕಾದದ್ದು ಕಾರ್ಬೈಡ್ ಬಳೆಯಿರುವ ಸೈಜಿಂಗ್ ಡೈಗೆ ಮಾತ್ರ, ಅದೂ ನಿಖರತೆಗಾಗಿ ಅಲ್ಲ, ಸಾವಿರಾರು ಕೇಸುಗಳಿಗೆ ಎಣ್ಣೆ ಹಚ್ಚಿ ಒರೆಸುವ ಕೆಲಸ ತಪ್ಪುವುದಕ್ಕಾಗಿ.

ವೆಚ್ಚವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಡೈ ಸವೆಯುವ ವಸ್ತುವಲ್ಲ. ವೇಗದ 6 ಎಂಎಂ ಸ್ಪರ್ಧಾ ಕಾಡತೂಸುಗಳ ಬ್ಯಾರಲ್ ಎರಡು ಸಾವಿರ ಗುಂಡುಗಳ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಒಳ್ಳೆಯ ಡೈ ಅಂಥ ಹತ್ತು ಬ್ಯಾರಲ್‌ಗಳನ್ನು ಕಂಡರೂ ಹಾಗೇ ಇರುತ್ತದೆ. ಪ್ರತಿ ಗುಂಡಿಗೆ ಹಂಚಿದರೆ ಅದರ ಬೆಲೆ ಲೆಕ್ಕಕ್ಕೇ ಬಾರದು. ಈ ವಾದ ಸರಿ, ಆದರೆ ಅದು ಸಾಗುವುದು ಆ ಕ್ಯಾಲಿಬರಿನಲ್ಲೇ ನೆಲೆಯೂರಿದವನಿಗೆ. ವರ್ಷಕ್ಕೊಂದು ಕ್ಯಾಲಿಬರ್ ಬದಲಿಸುವವನ ಕಪಾಟಿನಲ್ಲಿ ದುಬಾರಿ ಡೈಗಳು ಸಾಲುಗಟ್ಟಿ ಕೂರುತ್ತವೆ.

ಹೀಗಿರುವಾಗ 300 ಗಜದೊಳಗೆ ಕಾರ್ಖಾನೆಯ ರೈಫಲಿನಲ್ಲಿ ಹೊಡೆಯುವವನು ಸಾಮಾನ್ಯ ಸೆಟ್ ಕೊಂಡು, ಉಳಿದ ಹಣದಲ್ಲಿ ಕಂಪ್ಯಾರೇಟರ್, ಮ್ಯಾಂಡ್ರೆಲ್ ಮತ್ತು ಒಳ್ಳೆಯ ಗುಂಡು ಕೊಳ್ಳುವುದು ಲೇಸು. 600 ಗಜದಿಂದಾಚೆ ಅಂಕಕ್ಕಾಗಿ ಹೊಡೆಯುವವನು ಉಜ್ಜಿಸಿದ ಅಥವಾ ಬುಶಿಂಗ್ ಇರುವ ಸೈಜಿಂಗ್ ಡೈಗೆ ಹಿಂಜರಿಯದೆ ಹಣ ಹಾಕಲಿ, ಕೂರಿಸುವ ಡೈಯನ್ನು ಪೂರ್ತಿ ಸೆಟ್ಟಿನ ಜೊತೆ ಕೊಳ್ಳದೆ ಬಿಡಿಯಾಗಿ, ಜಾರುವ ತೋಳಿನದನ್ನು, ಮೈಕ್ರೋಮೀಟರ್ ಇಲ್ಲದೆಯೂ ಕೊಳ್ಳಲಿ. ಆ ತಲೆಯನ್ನು ಆಮೇಲೆ ಬೇಕಾದರೆ ಸೇರಿಸಿಕೊಳ್ಳಬಹುದು. ಬಿಗಿ ಚೇಂಬರಿನ ಬಂದೂಕು ಕಟ್ಟಿಸುವವನು ಡೈಯ ಮಾತನ್ನು ಚೇಂಬರ್ ಕೊರೆಯುವವನ ಜೊತೆಗೇ ಆಡಿಕೊಳ್ಳಬೇಕು, ಆಮೇಲಲ್ಲ. ಇವರಲ್ಲಿ ಯಾರೇ ಆಗಲಿ, ಹಣ ಕೊಡುವ ಮುನ್ನ ತಮ್ಮ ಈಗಿನ ಡೈಯಿಂದ ಉಂಡೆಯನ್ನು ತೆಗೆದು, ಹತ್ತು ಕೇಸು ಸೈಜ್ ಮಾಡಿ, ಯಾರದಾದರೂ ಗೇಜನ್ನು ಒಂದು ಸಂಜೆಗೆ ಎರವಲು ತಂದು ಉರುಳಿಸಿ ನೋಡಲಿ. ಮುಳ್ಳು ಎರಡು ಗೆರೆಯೊಳಗೇ ಆಡುತ್ತಿದ್ದರೆ ಕತ್ತನ್ನು ನೆಟ್ಟಗಿಡಲು ಹೊಸ ಡೈ ಬೇಕಿಲ್ಲ, ಮ್ಯಾಂಡ್ರೆಲ್ ಸಾಕು. ಉಂಡೆಯಿಲ್ಲದೆಯೂ ನಾಲ್ಕೈದು ಗೆರೆ ಹಾರುತ್ತಿದ್ದರೆ ಆ ಡೈಯನ್ನು ಬದಲಿಸಬೇಕು.